ಹದಿನೈದು ದಿನದ ನಿಯೋಜನೆ

ಮಸ್ಕಿಯ ಒಂದು ಸರಕಾರಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮನೆ ಲಿಂಗಸುಗೂರಿನಲ್ಲಿ. ಬೆಳಿಗ್ಗೆ ಸಿಂಧನೂರು ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಗೆ ಮಸ್ಕಿ ಬರುತ್ತದೆ. ಶಾಲೆ ರಸ್ತೆಯ ಪಕ್ಕದಲ್ಲೇ ಇದೆ. ಪರಿಚಯದ ಕಂಡಕ್ಟರಾದರೆ ಗೇಟಿನ ಮುಂದೆಯೇ ಸೀಟಿ ಊದಿ ಇಳಿಸುತ್ತಾನೆ.

ಹತ್ತನೇ ತರಗತಿಗೆ ವಿದ್ಯುತ್ ಮೋಟಾರಿನ ಪಾಠವಿದೆ. ಪ್ರತಿ ವರ್ಷ ಮಕ್ಕಳು ಅಲ್ಲಿಯೇ ಸಿಕ್ಕಿಬೀಳುತ್ತಿದ್ದರು. ಎರಡು ಆಯಸ್ಕಾಂತಗಳ ನಡುವೆ ತಂತಿಯ ಸುರುಳಿ ತಿರುಗುತ್ತದೆ ಎನ್ನುವವರೆಗೆ ಸರಿ. ಅರ್ಧ ಸುತ್ತು ತಿರುಗಿದ ಮೇಲೆ ಕರೆಂಟಿನ ದಿಕ್ಕು ಯಾಕೆ ಬದಲಾಗಬೇಕು ಎಂದು ಕೇಳಿದರೆ ತರಗತಿ ನೆಲ ನೋಡುತ್ತಿತ್ತು. ಪುಸ್ತಕದ ಚಿತ್ರ ನಿಂತಲ್ಲೇ ನಿಂತಿರುತ್ತದೆ. ನಿಂತ ಚಿತ್ರದಲ್ಲಿ ತಿರುಗುವುದನ್ನು ತೋರಿಸುವುದು ಹೇಗೆ? ಆಟದ ಕಾರಿನ ಮೋಟಾರು ಬಿಚ್ಚಿ ತೋರಿಸಿದ್ದೆ. ಅರವತ್ತು ಮಕ್ಕಳಿಗೆ ಅದು ಕಡಲೆಕಾಳಿನಷ್ಟು ಕಂಡಿತು.

ಬಿ.ಎಡ್. ಮುಗಿಸಿ ನೌಕರಿಗೆ ಕಾಯುತ್ತಿದ್ದ ಎರಡು ವರ್ಷ ನಾನು ಅಣ್ಣನ ಫೋಟೊ ಸ್ಟುಡಿಯೊದಲ್ಲಿ ಕೂತಿದ್ದೆ. ಮದುವೆ ವಿಡಿಯೊಗಳಿಗೆ ಹುಡುಗ ಹುಡುಗಿಯ ಹೆಸರು ಹಾರಿಸುವುದು, ಹೂವು ಉದುರಿಸುವುದು, ಉಂಗುರ ತಿರುಗಿಸುವುದು ನನ್ನ ಕೆಲಸ. ಹೀಗೆ ಮೋಷನ್ ಗ್ರಾಫಿಕ್ಸ್ ಸಾಫ್ಟ್‌ವೇರು ಕೈಗೆ ಹತ್ತಿತ್ತು. ಒಂದು ಭಾನುವಾರ ಹಳೆಯ ಲ್ಯಾಪ್‌ಟಾಪ್ ತೆಗೆದು ಮೋಟಾರನ್ನು ಅದರಲ್ಲೇ ಬರೆಯಲು ಕೂತೆ.

ಸುರುಳಿಯನ್ನು ತುದಿಯಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಬರೆದೆ. ಒಂದು ಅಡ್ಡ ಗೆರೆ, ಒಂದು ತುದಿಗೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ನೀಲಿ. ಆಯಸ್ಕಾಂತಗಳು ಬೇರೆ ಲೇಯರ್, ಸುರುಳಿ ಬೇರೆ ಲೇಯರ್, ಕರೆಂಟಿನ ದಿಕ್ಕು ಬದಲಿಸುವ ನಡುವಿನ ಸೀಳು ಉಂಗುರ ಇನ್ನೊಂದು. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ. ಸುರುಳಿಗೆ ರೊಟೇಶನ್ ಕೊಟ್ಟು ಓಡಿಸಿದೆ. ಅದು ನಡುವೆ ತಿರುಗುವುದು ಬಿಟ್ಟು, ಮುರಿದ ಬಾಗಿಲಿನಂತೆ ಬೀಸಿಕೊಂಡು ಪರದೆಯ ಆಚೆ ಹೋಯಿತು. ಪ್ರತಿ ಲೇಯರಿಗೂ ತಿರುಗಲಿಕ್ಕೆ ಒಂದು ಬಿಂದು ಇರುತ್ತದೆ; ಅದಕ್ಕೆ ಆ್ಯಂಕರ್ ಪಾಯಿಂಟ್ ಎನ್ನುತ್ತಾರೆ. ನನ್ನ ಚಿತ್ರದ ಒಂದು ಬದಿಗೆ ಖಾಲಿ ಜಾಗ ಉಳಿದಿದ್ದರಿಂದ ಆ ಬಿಂದು ಮೂಲೆಗೆ ಸರಿದಿತ್ತು. ಎಳೆದು ಗೆರೆಯ ನಟ್ಟನಡುವೆ ತಂದೆ. ಬಿಂದು ಸರಿಸಿದಾಗ ಲೇಯರಿನ ಜಾಗವೂ ಸರಿದದ್ದರಿಂದ ಪೊಸಿಷನ್ನಿನ ಅಂಕಿಗಳನ್ನು ಮತ್ತೆ ತಿದ್ದಿದೆ. ಆಮೇಲೆ ರೊಟೇಶನ್. ಸೊನ್ನೆಯಿಂದ ನೂರ ಎಂಬತ್ತು ಡಿಗ್ರಿವರೆಗೆ ತಿರುಗಿ, ಮೂರು ಸೆಕೆಂಡು ನಿಂತು, ಮತ್ತೆ ಉಳಿದರ್ಧ. ನಿಲ್ಲುವ ಆ ಮೂರು ಸೆಕೆಂಡೇ ನನಗೆ ಬೇಕಾಗಿದ್ದದ್ದು.

ಮರುದಿನ ಶಾಲೆಯ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಅದನ್ನು ಹಾಕಿದೆ. ಕೆಂಪು ಚುಕ್ಕೆ ಅರ್ಧ ಸುತ್ತು ಬಂದು ನಿಂತಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ, ವರ್ಷವೆಲ್ಲ ಒಂದು ಮಾತೂ ಆಡದವಳು, ಕೂತಲ್ಲಿಂದಲೇ ಹೇಳಿದಳು:

“ಮೇಡಂ, ಕೆಂಪು ಆ ಕಡಿ ಹೋತು. ಈಗ ಕರೆಂಟ್ ಉಲ್ಟಾ ಆಗಬೇಕಲ್ರಿ. ಇಲ್ಲಂದ್ರ ಅದು ಬಂದ ದಾರಿಲೇ ತಿರುಗಿ ಬರ್ತೈತಿ.”

ಆ ದಿನ ನಾನು ಎಷ್ಟು ಹಿಗ್ಗಿದೆನೆಂದರೆ, ಮುಖ್ಯ ಶಿಕ್ಷಕರನ್ನು ಕರೆದು ಅವಳಿಂದ ಅದೇ ಮಾತನ್ನು ಮತ್ತೊಮ್ಮೆ ಹೇಳಿಸಿದೆ. ಅದೇ ತಪ್ಪಾಯಿತು. ಮುಖ್ಯ ಶಿಕ್ಷಕರು ವಿಡಿಯೊವನ್ನು ತಮ್ಮ ಫೋನಿಗೆ ಹಾಕಿಸಿಕೊಂಡರು. ಮುಂದಿನ ವಾರ ಸಿಂಧನೂರಿನಿಂದ ಇಲಾಖೆಯ ಒಬ್ಬ ಅಧಿಕಾರಿ ಶಾಲೆಗೆ ಬಂದಾಗ ಚಹಾದ ಜೊತೆ ಅದನ್ನೂ ತೋರಿಸಿದರು. ಸಾಹೇಬರು ಎರಡು ಸಲ ನೋಡಿದರು.

“ಇವರನ್ನ ಹದಿನೈದು ದಿನ ನಮ್ಮ ಕಡಿ ಕಳಸ್ರಿ,” ಎಂದರು. “ಎಲ್ಲಾ ಪಾಠ ಹಿಂಗ ಮಾಡಿಸಿ ಎಲ್ಲಾ ಶಾಲಿಗಿ ಕೊಡೂಣು.”

ಬೇಸರದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಖುಷಿಯಿಂದಲೇ ಹೋದೆ. ಮನೆಯಲ್ಲಿ ನನಗಿಂತ ಹೆಚ್ಚು ಖುಷಿಪಟ್ಟವಳು ಅವ್ವ. ಅಪ್ಪ ತೀರಿದ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ. ಹರೆಯವೆಲ್ಲ ಕಾಲುವೆ ಕಡೆಯ ಗದ್ದೆಗಳಲ್ಲಿ ಬೇರೆಯವರ ಭತ್ತ ನಾಟಿ ಮಾಡಿ ಸೊಂಟ ಬಗ್ಗಿಸಿದವಳು. ನಾನು ಟೀಚರಾದಾಗ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿದ್ದಳು. ನಿಯೋಜನೆಯ ಕಾಗದ ಬಂದಾಗಲೂ ಹಚ್ಚಿದಳು.

“ದಿನಾ ನಿಂತು ಒದರೂದು ತಪ್ಪಿತಲ್ಲ ಯವ್ವಾ,” ಎಂದಳು. “ಆಫೀಸಂದ್ರ ಆಫೀಸು.”

ಕಚೇರಿಯಲ್ಲಿ ನನಗೆ ಕೊಟ್ಟದ್ದು ಸಾಹೇಬರ ಕೋಣೆಯ ಹಿಂದಿನ ಸಣ್ಣ ಕೋಣೆ. ಕಿಟಕಿ ಇತ್ತು, ಆದರೆ ಅದಕ್ಕೆ ಹೊರಗಿನಿಂದ ಹಳೆಯ ಪಠ್ಯಪುಸ್ತಕಗಳ ಕಟ್ಟುಗಳನ್ನು ಒತ್ತಿ ಪೇರಿಸಿದ್ದರು. ಹೊರಗೆ ಹೋಗಬೇಕೆಂದರೆ, ನೀರು ಕುಡಿಯಲಿಕ್ಕಾದರೂ, ಸಾಹೇಬರ ಮೇಜಿನ ಮುಂದೆಯೇ ಹಾಯಬೇಕು. ಕೋಣೆಯಲ್ಲಿ ಇನ್ನೊಬ್ಬರಿದ್ದರು, ಗುತ್ತಿಗೆಯ ಮೇಲಿದ್ದ ಕಂಪ್ಯೂಟರ್ ಆಪರೇಟರ್. ಹಿಂದೆ ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರಿಗೆಂದು ಸಿಂಧನೂರಿನ ಹತ್ತಿರ ಕಟ್ಟಿದ ಆರ್.ಎಚ್. ಕ್ಯಾಂಪಿನವರು. ಮನೆಯಲ್ಲಿ ಬಂಗಾಲಿ, ನಮ್ಮ ಹತ್ತಿರ ನಮಗಿಂತ ಚಂದದ ರಾಯಚೂರು ಮಾತು. ನಲವತ್ತು ದಾಟಿತ್ತು. ದಿನವಿಡೀ ಶಾಲೆಗಳ ಅಂಕಿಸಂಖ್ಯೆ ತುಂಬುತ್ತಿದ್ದರು, ಐದೂವರೆಗೆ ಸರಿಯಾಗಿ ಎದ್ದು ಹೋಗುತ್ತಿದ್ದರು.

ಮೊದಲ ಹತ್ತು ದಿನಗಳಲ್ಲಿ ಎರಡು ಪಾಠ ಮಾಡಿದೆ. ಮಸೂರದ್ದೊಂದು, ಹೃದಯದ್ದೊಂದು. ಹನ್ನೊಂದನೆಯ ದಿನ ಸಾಹೇಬರು ಬಂದು, ಶನಿವಾರ ಒಂದು ಕಾರ್ಯಕ್ರಮವಿದೆ, ಅದಕ್ಕೊಂದು ಸ್ವಾಗತದ ವಿಡಿಯೊ ಬೇಕು ಎಂದರು. “ಇಲಾಖೆ ಲಾಂಛನ ತಿರುಗಿಕೋಂತ ಬಂದು ನಡುವ ನಿಂದ್ರಬೇಕ್ರಿ. ಆಮ್ಯಾಲ ಗಣ್ಯರ ಫೋಟೊ.” ಮಾಡಿಕೊಟ್ಟೆ. ಎಲ್ಲರಿಗೂ ಹಿಡಿಸಿತು. ಅದಾದ ಮೇಲೆ ಪಾಠ ಎಂಬ ಮಾತು ಆ ಕೋಣೆಯಲ್ಲಿ ಮತ್ತೆ ಬರಲಿಲ್ಲ.

ರಸಪ್ರಶ್ನೆ, ಕ್ರೀಡಾಕೂಟ, ತರಬೇತಿಯ ಉದ್ಘಾಟನೆ, ಯಾರದೋ ನಿವೃತ್ತಿ. ಎಲ್ಲದಕ್ಕೂ ಲಾಂಛನ ತಿರುಗಬೇಕು. ಫೋಟೊಗಳದ್ದು ಇನ್ನೊಂದು ಕತೆ. ಹಿರಿಯರ ತಲೆ ಕಿರಿಯರ ತಲೆಗಿಂತ ಕೆಳಗೆ ಬರಬಾರದು, ಸಮಾನರಾದರೆ ಒಂದು ಕೂದಲೂ ಮೇಲೆ ಕೆಳಗೆ ಆಗಬಾರದು. ಸಾಹೇಬರು ನನ್ನ ತಿರುಗುವ ಕುರ್ಚಿಯ ಹಿಂದೆ ನಿಂತು ಬೆರಳು ತೋರಿಸುತ್ತಿದ್ದರು.

“ಜರಾ ಮ್ಯಾಲ.”

ಪೊಸಿಷನ್ನಿನ ಎರಡನೇ ಅಂಕಿ ನಾಲ್ಕು ಇಳಿಸುತ್ತಿದ್ದೆ. ಈ ಸಾಫ್ಟ್‌ವೇರಿನಲ್ಲಿ ಅಂಕಿ ಇಳಿದರೆ ಚಿತ್ರ ಮೇಲೇರುತ್ತದೆ.

“ಭಾಳ ಆತು. ಜರಾ ಕೆಳಗ. ಈಗ ಎಡಕ್ಕ. ಅವರ ಮಾರಿ ಸೊಟ್ಟ ಕಾಣ್ತೈತಲ್ಲ, ಜರಾ ತಿರುಗಸ್ರಿ.”

ರೊಟೇಶನ್ ಎರಡು ಡಿಗ್ರಿ.

“ಮದ್ಲಿನಂಗ ಇರಲಿ ಬಿಡ್ರಿ. ಅದ ಛಲೋ ಇತ್ತು.”

ಇಡೀ ಮಧ್ಯಾಹ್ನ ಹೀಗೆ ಹೋದ ದಿನಗಳಿವೆ. ಬೆಳಿಗ್ಗೆ ಬಂದಾಗ ಫೋಟೊ ಎಲ್ಲಿತ್ತೋ ಸಂಜೆ ಅಲ್ಲೇ ಇರುತ್ತಿತ್ತು.

ಹದಿನೈದು ದಿನ ಮುಗಿದಾಗ ಹೊಸ ಕಾಗದ ಬಂತು. ಅದರಲ್ಲಿ ದಿನಗಳ ಲೆಕ್ಕ ಇರಲಿಲ್ಲ. ‘ಮುಂದಿನ ಆದೇಶದವರೆಗೆ’ ಎಂದಿತ್ತು. ಅದನ್ನು ಓದಿ ಆಪರೇಟರ್ ತಲೆ ಅಲ್ಲಾಡಿಸಿದರು. “ಮೇಡಂ, ಇದರಾಗ ತಾರೀಖು ಇದ್ದಿದ್ರ ಮುಗೀತಿತ್ರಿ. ಇದಕ್ಕ ಕೊನಿ ಇರಂಗಿಲ್ಲ,” ಎಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಬಸ್ಸು. ಅದೇ ಬಸ್ಸು, ಅದೇ ಸಮಯ. ಮಸ್ಕಿಯ ಶಾಲೆ ಬರುವ ಹೊತ್ತಿಗೆ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಿರುತ್ತಿದ್ದರು. ಮೊದಮೊದಲು ಆ ಬದಿಯ ಕಿಟಕಿಗೇ ಕೂತು ನೋಡುತ್ತಿದ್ದೆ. ಕಂಡಕ್ಟರ್ ಅಭ್ಯಾಸಬಲದಿಂದ ಸೀಟಿ ಊದಿ, ನಾನು ಏಳದಿದ್ದದ್ದು ಕಂಡು ಮತ್ತೆರಡು ಊದಿ ಬಿಡುತ್ತಿದ್ದ. ಆಮೇಲೆ ನಾನು ಆಚೆ ಬದಿಗೆ ಕೂರಲು ಶುರುಮಾಡಿದೆ. ಒಂದು ದಿನ ಮೋಟಾರಿನ ಪ್ರಶ್ನೆಗೆ ಉತ್ತರ ಹೇಳಿದ್ದ ಹುಡುಗಿ ತನ್ನ ತಾಯಿಯ ಜೊತೆ ಅದೇ ಬಸ್ಸು ಹತ್ತಿದಳು. ಸಿಂಧನೂರಿನ ಕಣ್ಣಿನ ದವಾಖಾನೆಗೆ ಹೊರಟಿದ್ದರು. ನನ್ನನ್ನು ನೋಡಿ ಅವಳ ಮುಖ ಅರಳಿತು, ಆಮೇಲೆ ಸಣ್ಣಗಾಯಿತು.

“ನೀವು ದಿನಾ ಇದರಾಗ ಹೋಗ್ತೀರೇನ್ರಿ ಮೇಡಂ?”

“ಹ್ಞೂಂ.”

“ಮತ್ತ ಇಳಿಯಂಗಿಲ್ಲ?”

ಆಫೀಸಿನ ಕೆಲಸ ಐತಿ ಎಂದೇನೋ ಹೇಳಿದೆ. ಅವಳು ಆಯಿತು ಎಂಬಂತೆ ತಲೆಯಾಡಿಸಿದಳು. ತಾಯಿಯ ಪಕ್ಕಕ್ಕೆ ಹೋಗಿ ಕೂತಳು.

ನನ್ನ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಿದರೆ ಬಿಡುತ್ತಾರೆ ಎಂದು ಒಂದು ಉಪಾಯ ಹೊಳೆಯಿತು. ಆಪರೇಟರನ್ನು ಕೂರಿಸಿಕೊಂಡು ಕಲಿಸತೊಡಗಿದೆ. ಒಂದೇ ದಿನಕ್ಕೆ ಅವರಿಗೆ ಎಲ್ಲ ತಿಳಿಯಿತು. ಫೋಟೊವನ್ನು ತಾವೇ ಸರಿಸಿ, ತಿರುಗಿಸಿ, ಎಲ್ಲಿಂದ ಹೊರಡಬೇಕು ಎಲ್ಲಿ ನಿಲ್ಲಬೇಕು ಎಂದು ಗುರುತು ಹಾಕಿ ತೋರಿಸಿದರು. ನನಗಿಂತ ಚೊಕ್ಕಾಗಿತ್ತು. ನಾನು ಸಾಹೇಬರನ್ನು ಕರೆಯಲು ಎದ್ದೆ. ಅಷ್ಟರಲ್ಲಿ ಆಪರೇಟರ್ ತಾವು ಮಾಡಿದ್ದನ್ನೆಲ್ಲ ಅಳಿಸಿಬಿಟ್ಟರು.

“ಯಾಕ್ರಿ?”

“ಮೇಡಂ, ಸಿಟ್ಟಾಗಬ್ಯಾಡ್ರಿ. ನಂಗ ಬರ್ತೈತಿ ಅಂತ ಗೊತ್ತಾತಂದ್ರ ನಂಗ ಭಾನುವಾರ ಇರಂಗಿಲ್ಲ. ಕ್ಯಾಂಪಿನ್ಯಾಗ ನಂದು ಎರಡೆಕರೆ ಗದ್ದಿ ಐತಿ, ವಯಸ್ಸಾದ ತಂದಿ ಅದಾರ. ಇಲ್ಲಿ ಏನು ಬರ್ತೈತಿ ಅಂತ ಹೇಳಬಾರದ್ರಿ. ಏನು ಬರಂಗಿಲ್ಲ ಅಂತಷ್ಟ ಹೇಳಬೇಕು.”

ಅವರ ಮೇಲೆ ಸಿಟ್ಟು ಬರಲಿಲ್ಲ. ನನಗೆ ಈ ಬುದ್ಧಿ ಮೊದಲೇ ಯಾಕಿರಲಿಲ್ಲ ಎನ್ನಿಸಿತು.

ಆಗ ಕೆಟ್ಟ ಉಪಾಯವೊಂದು ತಲೆಗೆ ಬಂತು. ಕೆಲಸ ಕೆಡಿಸಿದರೆ ತಾವಾಗಿಯೇ ಕಳಿಸುತ್ತಾರಲ್ಲ. ದೊಡ್ಡ ಸಭೆಯೊಂದರ ವಿಡಿಯೊದಲ್ಲಿ ಲಾಂಛನದ ಆ್ಯಂಕರ್ ಪಾಯಿಂಟನ್ನು ಬೇಕೆಂದೇ ಮೂಲೆಗೆ ಎಳೆದಿಟ್ಟೆ. ನಡುವೆ ನಿಂತು ತಿರುಗಬೇಕಾದ ಲಾಂಛನ ಕೀಲು ಸಡಿಲಾದ ಬಾಗಿಲಿನ ಹಾಗೆ ಬೀಸಿ, ಅರ್ಧ ಪರದೆಯ ಆಚೆ ಹೋಗಿ, ಮತ್ತೆ ಒಳಗೆ ಬಂತು. ನಾನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ಹಿಂದೆ ತಿರುಗಿ ನನ್ನನ್ನು ಹುಡುಕಿ, “ಈ ಸಲ ಹೊಸಾ ಸ್ಟೈಲ್ ಮಾಡೀರಿ. ಬೇಷ್ ಐತಿ,” ಎಂದರು.

ಮುಂದಿನ ಎಲ್ಲ ವಿಡಿಯೊಗಳಿಗೂ ಹಾಗೆಯೇ ಬೇಕಾಯಿತು. ಒಂದು ಸಲ ನಾನು ಸರಿಯಾಗಿ ನಡುವೆ ತಿರುಗಿಸಿಟ್ಟರೆ, ಇದು ಹಂಗಿಲ್ಲ, ಆವತ್ತಿನಂಗ ಮಾಡ್ರಿ ಎಂದರು. ಆವತ್ತು ಬಿಂದುವನ್ನು ಎಲ್ಲಿಗೆ ಎಳೆದಿದ್ದೆನೆಂದು ನೆನಪಿರಲಿಲ್ಲ. ಹಳೆಯ ಫೈಲು ತೆಗೆದು, ತಪ್ಪಿನ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು, ತಪ್ಪನ್ನು ಅಚ್ಚುಕಟ್ಟಾಗಿ ಮತ್ತೆ ಮಾಡಿದೆ. ನನ್ನ ಕೆಲಸವನ್ನು ಯಾರೂ ನೋಡುತ್ತಲೇ ಇಲ್ಲ ಎಂದು ತಿಳಿದದ್ದು ಆಗ. ಆದರೂ ಅದು ಇಲ್ಲದೆ ಅವರಿಗೆ ನಡೆಯುತ್ತಿರಲಿಲ್ಲ.

ಒಂದು ವರ್ಷ ತುಂಬಿದಾಗ ನೇರವಾಗಿ ಹೋಗಿ ಕೇಳಿದೆ. ನಿಂತೇ ಕೇಳಬೇಕೆಂದಿದ್ದೆ, ಸಾಹೇಬರು ಕೂರಿಸಿದರು, ಚಹಾ ತರಿಸಿದರು. ಅವರು ಕೆಟ್ಟವರಲ್ಲ. ಹಾಗಿದ್ದಿದ್ದರೆ ಸುಲಭವಾಗುತ್ತಿತ್ತು.

“ಸರ್, ನಾ ಶಾಲಿಗಿ ಹೋಗ್ತೀನ್ರಿ.”

“ಯಾಕಮ್ಮ? ಇಲ್ಲಿ ಏನರ ತ್ರಾಸ ಐತೇನು? ಹೇಳ್ರಿ, ಸರಿ ಮಾಡೂಣು.”

ಹೇಳುವಂಥ ತ್ರಾಸು ಒಂದೂ ನೆನಪಾಗಲಿಲ್ಲ. ಫ್ಯಾನ್ ಇತ್ತು. ಯಾರೂ ಜೋರಾಗಿ ಮಾತಾಡಿರಲಿಲ್ಲ. ಕಿಟಕಿಯ ಹಿಂದೆ ಪುಸ್ತಕದ ಕಟ್ಟು ಇವೆ ಎಂದು ಹೇಳಲಾದೀತೇ?

“ಪಾಠ ಮಾಡಾಕ ನಂಗ ಆಸಿ ಐತ್ರಿ.”

“ಪಾಠ ಮಾಡಾಕ ಭಾಳ ಮಂದಿಗಿ ಬರ್ತೈತಿ. ಇದು ಯಾರಿಗಿ ಬರ್ತೈತಿ ಹೇಳ್ರಿ ನೋಡೂಣು.” ಅವರ ಧ್ವನಿಯಲ್ಲಿ ನಿಜವಾದ ಮೆಚ್ಚುಗೆ ಇತ್ತು. “ಚಾ ಕುಡೀರಿ, ಆರತೈತಿ.”

ಕುಡಿದೆ. ಎದ್ದು ಬರುವಾಗ ಥ್ಯಾಂಕ್ಸ್ ಸರ್ ಎಂದೆ. ಆ ಥ್ಯಾಂಕ್ಸ್ ನೆನೆದರೆ ಈಗಲೂ ಮೈ ಮುದುಡುತ್ತದೆ.

ಅದಾದ ಕೆಲವು ದಿನಕ್ಕೆ ಒಂದು ಶನಿವಾರ ರಜೆ ಚೀಟಿ ಕಳಿಸಿ ಮಸ್ಕಿಯಲ್ಲಿ ಇಳಿದುಬಿಟ್ಟೆ. ನನ್ನ ತರಗತಿಗಳನ್ನು ಅತಿಥಿ ಶಿಕ್ಷಕಿಯೊಬ್ಬಳು ತೆಗೆದುಕೊಳ್ಳುತ್ತಿದ್ದಾಳೆ ಎಂದು ಗೊತ್ತಿತ್ತು, ನೋಡಿರಲಿಲ್ಲ. ಮಸ್ಕಿ ಪಕ್ಕದ ಹಳ್ಳಿಯ ಹುಡುಗಿ, ಇಪ್ಪತ್ತೈದರ ಸುಮಾರು. ನಾನು ಬಾಗಿಲಿಗೆ ಬಂದಾಗ ಅವಳು ಮೋಟಾರಿನ ಪಾಠವನ್ನೇ ಮಾಡುತ್ತಿದ್ದಳು. ಪ್ರೊಜೆಕ್ಟರ್ ಕೆಟ್ಟಿತ್ತಂತೆ. ಒಂದು ಬಿದಿರಿನ ಕೋಲಿನ ಎರಡು ತುದಿಗೆ ಕೆಂಪು, ನೀಲಿ ರಿಬ್ಬನ್ ಕಟ್ಟಿ, ನಡುವೆ ಒಬ್ಬಳನ್ನು ನಿಲ್ಲಿಸಿ ತಿರುಗಿಸುತ್ತಿದ್ದಳು. ಆಚೆ ಈಚೆ ನಿಂತ ಹುಡುಗರು ಆಯಸ್ಕಾಂತಗಳು. ಕೆಂಪು ರಿಬ್ಬನ್ ಬದಿ ಬದಲಿಸಿದೊಡನೆ ಇಡೀ ತರಗತಿ ‘ಉಲ್ಟಾ’ ಎಂದು ಕೂಗುತ್ತಿತ್ತು.

ನನ್ನನ್ನು ಕಂಡು ನಿಲ್ಲಿಸಿದಳು. ಕೈಯಲ್ಲಿದ್ದ ಚಾಕ್‌ಪೀಸ್ ನನ್ನ ಕಡೆ ಚಾಚಿದಳು. “ನೀವು ಮಾಡ್ರಿ ಮೇಡಂ.”

“ಬ್ಯಾಡ, ನೀ ಮುಗಸು,” ಎಂದೆ.

ಆಮೇಲೆ ಸ್ಟಾಫ್ ರೂಮಿನಲ್ಲಿ ನೀರಿನ ಲೋಟ ಕೊಡುತ್ತಾ ಮೆಲ್ಲಗೆ ಕೇಳಿದಳು: “ನೀವು ವಾಪಸ್ ಬರ್ತೀರೇನ್ರಿ ಮೇಡಂ?”

“ಗೊತ್ತಿಲ್ಲವ್ವ. ಅವರು ಬಿಡವಲ್ರು.”

“ಬಂದ್ರ ಒಂದು ವಾರ ಮದ್ಲ ಹೇಳ್ರಿ. ಬ್ಯಾರೆ ಕಡಿ ನೋಡ್ಕೋಬೇಕಾಗ್ತೈತಿ.”

ನಾನು ಬಂದರೆ ಅವಳು ಹೋಗಬೇಕು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳ ಮುಖ ಗೊತ್ತಿರಲಿಲ್ಲ ಅಷ್ಟೆ. ಅಂದಿನಿಂದ ಐದಾರು ತಿಂಗಳು ನಾನು ಯಾರ ಹತ್ತಿರವೂ ಬಿಡುಗಡೆಯ ಮಾತೆತ್ತಲಿಲ್ಲ. ಕೋಣೆಯಲ್ಲಿ ಕೂತು ಫೋಟೊ ಸರಿಸಿದೆ. ಹೊರಗಿನಿಂದ ಸಾಹೇಬರು ಹಾಕಿದ್ದ ಬಾಗಿಲನ್ನು ಈಗ ಒಳಗಿನಿಂದ ನಾನೂ ಹಾಕಿಕೊಂಡಂತಾಗಿತ್ತು.

ಕೊನೆಗೆ ಸಾಹೇಬರಿಗೇ ವರ್ಗವಾಯಿತು. ಅವರ ಬೀಳ್ಕೊಡುಗೆಯ ವಿಡಿಯೊ ಮಾಡಿದೆ. ಹೋಗುವಾಗ ತಲೆಯ ಮೇಲೆ ಕೈಯಿಟ್ಟು ಹರಸಿದರು. ಅವರ ಜಾಗಕ್ಕೆ ಬಂದ ಮೇಡಂ ಮಾತು ಕಡಿಮೆ. ಎರಡನೆಯ ದಿನ ಹಾಜರಿ ಪುಸ್ತಕ ಹಿಡಿದು ನಮ್ಮ ಕೋಣೆಗೇ ಬಂದರು.

“ನೀವು ಹೈಸ್ಕೂಲ್ ಟೀಚರ್ ಅದೀರಿ. ಇಲ್ಲಿ ಯಾಕ ಕುಂತೀರಿ?”

ಹೇಳಿದೆ. ಒಂದೂವರೆ ವರ್ಷದ ಕತೆ ನಾಲ್ಕು ವಾಕ್ಯದಲ್ಲಿ ಮುಗಿಯಿತು.

“ಇವತ್ತ ರಿಲೀವ್ ಮಾಡ್ತೀನಿ. ನಾಳಿಂದ ಶಾಲಿಗಿ ಹೋಗ್ರಿ.”

ಆ ಕ್ಷಣ ನನ್ನ ಬಾಯಿಂದ ಬಂದದ್ದು ಇದು: “ಮೇಡಂ, ಒಂದು ವಾರ ಟೈಮ್ ಕೊಡ್ರಿ.”

ಅವರು ನನ್ನನ್ನೇ ನೋಡಿದರು. “ಒಂದೂವರಿ ವರ್ಷ ಸಾಕಾಗಿಲ್ಲೇನು?”

ಫೈಲುಗಳನ್ನು ಒಪ್ಪಿಸುವುದಿದೆ ಎಂದು ಸುಳ್ಳು ಹೇಳಿದೆ. ಆಪರೇಟರ್ ತಲೆ ಎತ್ತದೆ ಟೈಪ್ ಮಾಡುತ್ತಿದ್ದರು. ಮೇಡಂ ಒಪ್ಪಿದರು, ಆದರೆ ಅಂದಿನಿಂದ ನನ್ನನ್ನು ಕೆಲಸಗಳ್ಳಿ ಎಂದೇ ತಿಳಿದರು ಅನ್ನಿಸುತ್ತದೆ. ಸಂಜೆ ಬಸ್‌ಸ್ಟ್ಯಾಂಡಿನಿಂದ ಅತಿಥಿ ಶಿಕ್ಷಕಿಗೆ ಫೋನ್ ಮಾಡಿದೆ. ಅವಳು “ಹೇಳಿದ್ದು ಛಲೋ ಆತ್ರಿ ಮೇಡಂ,” ಎಂದಳು. ಶಾಲೆಗೆ ಹೋದ ದಿನ ನನ್ನ ಮೇಜಿನ ಮೇಲೆ ಒಂದು ಹಾಳೆ ಇತ್ತು. ಯಾವ ಮಗುವಿಗೆ ಯಾವ ಪಾಠ ಬಂದಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿಟ್ಟು ಹೋಗಿದ್ದಳು. ಆಮೇಲೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಲಿಂಗಸುಗೂರಿನ ಕಡೆ ಯಾವುದೋ ಖಾಸಗಿ ಶಾಲೆಗೆ ಸೇರಿದಳೆಂದು ಯಾರೋ ಹೇಳಿದರು. ಖಚಿತವಿಲ್ಲ.

ಮೊದಲ ವಾರ ನನ್ನ ಗಂಟಲು ತಡೆಯಲಿಲ್ಲ. ದಿನಕ್ಕೆ ಐದು ಪಿರಿಯಡ್ ಮಾತಾಡುವ ರೂಢಿ ತಪ್ಪಿಹೋಗಿತ್ತು. ಶುಕ್ರವಾರ ಸಂಜೆ ಒಳಗೆ ಉಪ್ಪುನೀರು ಮುಕ್ಕಳಿಸುತ್ತಿದ್ದಾಗ ಹೊರಗೆ ಕಟ್ಟೆಯ ಮೇಲೆ ಅವ್ವ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಕೇಳಿಸಿತು.

“ಆಫೀಸಿಂದ ತಗದಾರ. ಮತ್ತ ಶಾಲಿಗಿ ಹಾಕ್ಯಾರ.”

ಪಕ್ಕದ ಮನೆಯವಳು ಲೊಚಗುಟ್ಟಿದಳು. ಅವಳು ಹೋದ ಮೇಲೆ ಅವ್ವ ಒಳಗೆ ಬಂದು ನನ್ನ ಎದುರು ಕೂತಳು.

“ಏನು ತಪ್ಪು ಮಾಡಿದ್ದಿ ಬೇ? ನನ್ನ ಮುಂದರ ಖರೆ ಹೇಳು.”

“ಏನೂ ಮಾಡಿಲ್ಲ ಯವ್ವ. ಹೋಗ್ತೀನಂತ ನಾನ ಕೇಳಿದ್ದೆ.”

“ನೀನ ಕೇಳಿದಿ?”

“ಹ್ಞೂಂ.”

ನಾಟಿಯ ಗದ್ದೆಯಿಂದ ನನ್ನನ್ನು ಆ ತಿರುಗುವ ಕುರ್ಚಿಯವರೆಗೆ ತಂದವಳು ಅವಳು. ಏನಾದರೂ ಬೈದಾಳು ಎಂದು ಕಾದೆ. ಬೈಯಲಿಲ್ಲ. ಮಂಡಿಗೆ ಕೈ ಊರಿ ಎದ್ದು ಒಲೆಯ ಮುಂದೆ ಹೋದಳು. ಕಿರುಪರೀಕ್ಷೆಯ ಪೇಪರುಗಳು ಹಾಸಿಗೆಯ ಮೇಲೆ ಬಿದ್ದಿದ್ದವು. ಕೆಂಪು ಪೆನ್ನು ಹುಡುಕಿಕೊಂಡು ತಿದ್ದಲು ಕೂತೆ.